ಪಹಣಿ ಒಂದು ಕಡೆ, ಹೊಲ ಇನ್ನೊಂದು ಕಡೆ

ಸ್ಟೋರೇಜ್ ಅರೇಯ ಪರದೆಯ ಮೇಲೆ ಒಂದು ಸಂಜೆ ಕಂಡ ಸಾಲುಗಳು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ‘ಓಎಸ್‌ವಿ’ ಎಂಬ ಮೂರಕ್ಷರ, ಒಂದು ಅಡ್ಡಗೆರೆ, ಅದರ ಮುಂದೆ ಯಾವ ಭಾಷೆಯಲ್ಲೂ ಅರ್ಥವಿಲ್ಲದ 22 ಅಕ್ಷರ. ಇಂಥ ನಾನೂರು ಚಿಲ್ಲರೆ ವಾಲ್ಯೂಮುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಅರೇ ನೋಡಿಕೊಳ್ಳುತ್ತಿದ್ದವರಿಗೆ ಇವು ಯಾರವೆಂದು ಗೊತ್ತಿರಲಿಲ್ಲ. ಕ್ಲೌಡ್ ನೋಡಿಕೊಳ್ಳುತ್ತಿದ್ದ ನಾವು ಆ ಹೆಸರುಗಳನ್ನು ಕಂಡೇ ಇರಲಿಲ್ಲ, ನಮ್ಮ ಪಟ್ಟಿಯಲ್ಲಿದ್ದದ್ದು 36 ಅಕ್ಷರದ ಯುಯುಐಡಿ ಎಂಬ ಗುರುತುಗಳು. ಅರೇ ತುಂಬುತ್ತಾ ಬಂದಾಗ ಅವರು ಯಾವ ಹೋಸ್ಟಿಗೂ ಸೇರದೆ ಬಿದ್ದಿದ್ದ ಮೂರನ್ನು ಅಳಿಸಿದರು. ಆ ಮೂರೂ ನಮ್ಮ ಬಳಕೆದಾರರು ಒಂದು ಅಪ್‌ಗ್ರೇಡ್ ಮುಗಿಯುವ ತನಕ ಎಂದು ಮಷೀನಿನಿಂದ ಬಿಚ್ಚಿಟ್ಟಿದ್ದ ಡಿಸ್ಕುಗಳು. ಎರಡಕ್ಕೆ ಬ್ಯಾಕಪ್ ಇತ್ತು. ಮೂರನೆಯದಕ್ಕೆ ಇರಲಿಲ್ಲ. ಅದರಲ್ಲಿದ್ದದ್ದು ಒಂದು ಸಣ್ಣ ತಂಡ ಎರಡು ವರ್ಷ ಕೂತು ಸೇರಿಸಿದ ದತ್ತಾಂಶ.

ಮಾರನೆಯ ದಿನದ ಸಭೆಯಲ್ಲಿ ಯಾರ ತಪ್ಪು ಎಂದು ಹುಡುಕಲು ಹೊರಟರೆ ಯಾರೂ ಸಿಗಲಿಲ್ಲ. ಕ್ಲೌಡಿಗೂ ಅರೇಗೂ ನಡುವಿನ ಡ್ರೈವರ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅರೇಯವರು ತಮ್ಮ ಪುಸ್ತಕ ನೋಡಿ ನಡೆದಿದ್ದರು, ನಾವು ನಮ್ಮ ಪುಸ್ತಕ ನೋಡಿ ನಡೆದಿದ್ದೆವು.

ಊರಲ್ಲಿ ಜಮೀನಿನ ವ್ಯಾಜ್ಯ ಕಂಡವರಿಗೆ ಇದು ಹೊಸದಲ್ಲ. ಪಹಣಿಯಲ್ಲಿ ಎರಡು ಎಕರೆ ಹತ್ತು ಗುಂಟೆ ಅಂತಿರುತ್ತದೆ, ಸರಪಳಿ ಹಿಡಿದು ಅಳೆದರೆ ಬದು ಇನ್ನೆಲ್ಲೋ ಇರುತ್ತದೆ. ಶಾನುಭೋಗರ ಕೈಬರಹದ ಪುಸ್ತಕ ಹೋಗಿ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದ ಮೇಲೂ ಸರ್ವೆಯವರು ಬಂದು ಹದ್ದುಬಸ್ತು ಮಾಡುವ ತನಕ ಬದು ಇದ್ದಲ್ಲೇ ಇತ್ತು. ಕ್ಲೌಡಿನ ಬ್ಲಾಕ್ ಸ್ಟೋರೇಜಿನಲ್ಲಿ ಡೇಟಾಬೇಸೇ ಪಹಣಿ, ಅರೇಯೇ ಹೊಲ, ಎರಡರ ನಡುವೆ ಓಡಾಡುವ ಸರ್ವೇಯರ್ ಡ್ರೈವರ್. ಈ ಡ್ರೈವರನ್ನು ಕಾನ್ಫಿಗರ್ ಮಾಡುವ ಕೆಲಸವನ್ನು ಹೊಸಬರಿಗೆ ‘ಹತ್ತು ಸಾಲು ತುಂಬಿಸಿ ಸರ್ವಿಸ್ ರೀಸ್ಟಾರ್ಟ್ ಮಾಡು’ ಎಂದು ಹೇಳಿಕೊಡುವುದು ರೂಢಿ. ನನಗೆ ಅದರಲ್ಲಿ ತಕರಾರಿದೆ. ಆ ಹತ್ತು ಸಾಲುಗಳಲ್ಲಿ ಬಹುಪಾಲು, ಈ ಎರಡು ಪುಸ್ತಕಗಳಲ್ಲಿ ಯಾವುದನ್ನು ಎಲ್ಲಿಯವರೆಗೆ ನಂಬಬೇಕು ಎಂಬ ತೀರ್ಮಾನಗಳು. ತಿಳಿದು ತೀರ್ಮಾನಿಸದಿದ್ದರೆ ಡಿಫಾಲ್ಟ್ ಬೆಲೆಗಳೇ ನಮ್ಮ ಪರವಾಗಿ ತೀರ್ಮಾನಿಸುತ್ತವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಬೇಕೆಂದಾಗ ಡಿಸ್ಕು, ಬೇಡವೆಂದಾಗ ವಾಪಸ್ಸು ಎಂಬ ಸೇವೆಯನ್ನು ಜನರ ಕೈಗೆ ಕೊಟ್ಟದ್ದು 2008ರ ಆಗಸ್ಟಿನಲ್ಲಿ ಬಂದ ಅಮೆಜಾನಿನ ಎಲಾಸ್ಟಿಕ್ ಬ್ಲಾಕ್ ಸ್ಟೋರ್. ಅದರ ಒಳಗೆ ಯಾವ ಯಂತ್ರವಿದೆ, ಯಾವ ಡ್ರೈವರಿದೆ ಎಂಬುದು ಗ್ರಾಹಕರಿಗೆ ಕಾಣುವುದಿಲ್ಲ. ಅಂಥದ್ದನ್ನು ನಮ್ಮದೇ ಡೇಟಾ ಸೆಂಟರಿನಲ್ಲಿ, ನಮ್ಮದೇ ಯಂತ್ರಗಳ ಮೇಲೆ ಕಟ್ಟಿಕೊಳ್ಳಲು ನಾಸಾ ಮತ್ತು ರ‍್ಯಾಕ್‌ಸ್ಪೇಸ್ 2010ರಲ್ಲಿ ಓಪನ್‌ಸ್ಟ್ಯಾಕ್ ಆರಂಭಿಸಿದವು. ಮೊದಲಿಗೆ ಡಿಸ್ಕಿನ ಕೆಲಸ ನೋವಾ ಎಂಬ ಕಂಪ್ಯೂಟ್ ಯೋಜನೆಯೊಳಗೆ ಒಂದು ಮೂಲೆಯಲ್ಲಿತ್ತು. 2012ರ ಸೆಪ್ಟೆಂಬರಿನ ಫಾಲ್ಸಮ್ ಬಿಡುಗಡೆಯಲ್ಲಿ ಅದನ್ನು ಬೇರೆ ಮನೆ ಮಾಡಿ ಸಿಂಡರ್ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಗೋಡೆ ಕಟ್ಟುವ ಸಿಂಡರ್ ಬ್ಲಾಕಿನಿಂದ ಬಂದ ಹೆಸರು ಅದು, ನಮ್ಮಲ್ಲಿನ ಹಾಲೋ ಬ್ಲಾಕಿನ ಹಾಗೆ. ಸಿಂಡರಿನಲ್ಲಿ ಮುಖ್ಯವಾಗಿ ಮೂರು ಪ್ರಕ್ರಿಯೆಗಳಿವೆ. 8776ನೇ ಪೋರ್ಟಿನಲ್ಲಿ ಬೇಡಿಕೆ ಕೇಳಿಸಿಕೊಳ್ಳುವ ಎಪಿಐ, ಯಾವ ಬ್ಯಾಕೆಂಡಿಗೆ ಕಳಿಸಬೇಕೆಂದು ಆರಿಸುವ ಶೆಡ್ಯೂಲರ್, ಅರೇಯೊಂದಿಗೆ ನೇರ ಮಾತಾಡುವ ವಾಲ್ಯೂಮ್ ಸರ್ವಿಸ್. ಡ್ರೈವರ್ ಎಂಬುದು ಈ ಮೂರನೆಯದರೊಳಗೆ ಕೂರುವ ಒಂದು ಪೈಥಾನ್ ಕ್ಲಾಸು. ವಾಲ್ಯೂಮ್ ಸೃಷ್ಟಿಸು, ಅಳಿಸು, ಹಿಗ್ಗಿಸು, ಸ್ನ್ಯಾಪ್‌ಶಾಟ್ ತೆಗೆ, ಕ್ಲೋನ್ ಮಾಡು, ಇಂಥ ಹೋಸ್ಟಿಗೆ ತೋರಿಸು, ತೋರಿಸಿದ್ದನ್ನು ಹಿಂತೆಗೆ, ಎಷ್ಟು ಜಾಗ ಉಳಿದಿದೆ ಹೇಳು ಎಂಬ ಆಜ್ಞೆಗಳನ್ನು ಆಯಾ ಅರೇಗೆ ಅರ್ಥವಾಗುವ ಮಾತಿಗೆ ತಿರುಗಿಸುವುದು ಅದರ ಕೆಲಸ.

ಅರೇಯ ಕಡೆಯದು ಇನ್ನೂ ಹಳೆಯ ಕಥೆ. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ 50 ತಟ್ಟೆಗಳಿದ್ದೂ ಹಿಡಿಸುತ್ತಿದ್ದದ್ದು ಸುಮಾರು 5 ಮೆಗಾಬೈಟು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅವರು ಅಗ್ಗದ ಸಣ್ಣ ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಸತ್ತರೂ ದತ್ತಾಂಶ ಉಳಿಯುವಂತೆ ಮಾಡುವ ರೇಡ್ ಎಂಬ ಕಲ್ಪನೆಗೆ ರೂಪ ಕೊಟ್ಟರು. ಅಲ್ಲಿಂದ ಮುಂದೆ ಬೆಳೆದ ಅರೇಗಳೆಲ್ಲ ಒಬ್ಬ ಮನುಷ್ಯ ಕನ್ಸೋಲಿನ ಮುಂದೆ ಕೂತು, ಯೋಚಿಸಿ, ಲನ್ ಎಂಬ ಒಂದು ಡಿಸ್ಕಿನ ಪಾಲು ಕೆತ್ತಿ, ಅದಕ್ಕೆ ತನಗೆ ಅರ್ಥವಾಗುವ ಹೆಸರಿಟ್ಟು, ಐದಾರು ವರ್ಷ ಅದನ್ನು ಮುಟ್ಟದೆ ಬಿಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತವು. ಕ್ಲೌಡಿನಲ್ಲಿ ಅದೇ ಲನ್ ಬೆಳಿಗ್ಗೆ ಹುಟ್ಟಿ ಮಧ್ಯಾಹ್ನಕ್ಕೆ ಸಾಯಬಹುದು. ಕೇಳಿದವರು ಯಾರೆಂದು ಅರೇಗೆ ತಿಳಿಯುವುದಿಲ್ಲ, ಹೆಸರಿಡಲು ಮನುಷ್ಯನೂ ಇರುವುದಿಲ್ಲ.

ನಾನು ಮೊದಲು ಹೇಳಿದ 22 ಅಕ್ಷರಗಳ ಮೂಲ ಇಲ್ಲಿದೆ. ಸಿಂಡರ್ ಸಾಮಾನ್ಯವಾಗಿ ‘ವಾಲ್ಯೂಮ್’ ಎಂಬ ಪದದ ಮುಂದೆ ಅಡ್ಡಗೆರೆ ಹಾಕಿ ಯುಯುಐಡಿ ಸೇರಿಸಿ ಹೆಸರಿಡುತ್ತದೆ. ಎಲ್ಲ ಸೇರಿ 43 ಅಕ್ಷರ. ನಮ್ಮಲ್ಲಿದ್ದ ತ್ರೀಪಾರ್ ಎಂಬ ಅರೇಯಲ್ಲಿ ವಾಲ್ಯೂಮಿನ ಹೆಸರು 31 ಅಕ್ಷರ ಮೀರುವಂತಿಲ್ಲ. ಹಾಗಾಗಿ ಡ್ರೈವರ್ ಬರೆದವರು ಯುಯುಐಡಿಯ 16 ಬೈಟುಗಳನ್ನು ಬೇಸ್-64ಕ್ಕೆ ತಿರುಗಿಸಿ, ಕೊನೆಯ ಎರಡು ಸಮಚಿಹ್ನೆ ಕತ್ತರಿಸಿ, ಕೂಡು ಚಿಹ್ನೆಗೆ ಚುಕ್ಕಿಯನ್ನೂ ಓರೆಗೆರೆಗೆ ಅಡ್ಡಗೆರೆಯನ್ನೂ ಬದಲಿಸಿ 22 ಅಕ್ಷರಕ್ಕೆ ಇಳಿಸಿದರು. ವಾಲ್ಯೂಮಿಗೆ ‘ಓಎಸ್‌ವಿ’, ಸ್ನ್ಯಾಪ್‌ಶಾಟಿಗೆ ‘ಓಎಸ್‌ಎಸ್’, ಸಿಂಡರ್ ತನ್ನ ಲೆಕ್ಕದಿಂದ ಬಿಟ್ಟುಕೊಟ್ಟದ್ದಕ್ಕೆ ‘ಯುಎನ್‌ಎಂ’ ಎಂಬ ಪೂರ್ವಪದ. ಜಾಣತನದ ಪರಿಹಾರ, ಲೆಕ್ಕವೂ ಒಂದಕ್ಷರ ತಪ್ಪದೆ ಹೊಂದುತ್ತದೆ. ಆದರೆ ಅರೇಯ ಮುಂದೆ ಕೂತ ಮನುಷ್ಯನಿಗೆ ಆ ಹೆಸರು ಓದಲು ಬರುವುದಿಲ್ಲ. ಇಂಥ ಅನುವಾದದ ಸುಳಿವನ್ನು ಡ್ರೈವರಿನ ಕೈಪಿಡಿಯ ಮೊದಲ ಪುಟದಲ್ಲೇ ಅಚ್ಚು ಹಾಕಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಈಗ ಕಾನ್ಫಿಗ್ ಫೈಲಿಗೆ ಬರೋಣ. ಮೇಲಿನ ಡಿಫಾಲ್ಟ್ ವಿಭಾಗದಲ್ಲಿ ‘ಎನೇಬಲ್ಡ್ ಬ್ಯಾಕೆಂಡ್ಸ್’ ಎಂಬ ಸಾಲಿನಲ್ಲಿ ಒಂದೊಂದು ಬ್ಯಾಕೆಂಡಿಗೂ ಒಂದು ಹೆಸರು ಕೊಡುತ್ತೇವೆ. ಅದೇ ಹೆಸರಿನಲ್ಲಿ ಕೆಳಗೆ ಚೌಕ ಕಂಸದೊಳಗೆ ಒಂದು ವಿಭಾಗ ತೆರೆದು ಯಾವ ಡ್ರೈವರ್ ಕ್ಲಾಸು, ಅರೇಯ ವಿಳಾಸವೇನು, ಬಳಕೆದಾರ ಯಾರು, ಪಾಸ್‌ವರ್ಡೇನು, ಯಾವ ಪೂಲು ಎಂದು ಬರೆಯುತ್ತೇವೆ. ನೋಡಲು ಸರಳ. ಹೊಸಬರು ಈ ವಿಭಾಗದ ಹೆಸರನ್ನು ಬರೀ ಲೇಬಲ್ ಎಂದುಕೊಂಡು ‘ಟೆಸ್ಟ್’ ಎಂದೋ ‘ಅರೇ-1’ ಎಂದೋ ಹಾಕಿಬಿಡುತ್ತಾರೆ. ಆದರೆ ವಾಲ್ಯೂಮ್ ಸೃಷ್ಟಿಯಾದ ಕ್ಷಣ ಡೇಟಾಬೇಸಿನ ಹೋಸ್ಟ್ ಕಾಲಮ್ಮಿನಲ್ಲಿ ಮಷೀನಿನ ಹೆಸರು, ಅಟ್ ಚಿಹ್ನೆ, ಈ ವಿಭಾಗದ ಹೆಸರು, ಹ್ಯಾಶ್ ಚಿಹ್ನೆ, ಪೂಲಿನ ಹೆಸರು ಎಂದು ಸೇರಿಸಿ ಸಿಂಡರ್ ಅದರ ವಿಳಾಸ ಬರೆದುಬಿಡುತ್ತದೆ. ಆರು ತಿಂಗಳ ಮೇಲೆ ಯಾರೋ ‘ಟೆಸ್ಟ್ ಅಂತ ಯಾಕಿದೆ, ಪ್ರೊಡಕ್ಷನ್ ಅಂತ ಮಾಡೋಣ’ ಎಂದು ವಿಭಾಗದ ಹೆಸರು ತಿದ್ದಿದರೆ ಹಳೆಯ ವಾಲ್ಯೂಮುಗಳೆಲ್ಲ ಇಲ್ಲದ ವಿಳಾಸದಲ್ಲಿ ಅನಾಥವಾಗುತ್ತವೆ. ಅವುಗಳಲ್ಲಿ ಓದು ಬರಹ ನಡೆಯುತ್ತಲೇ ಇರುತ್ತದೆ, ಏಕೆಂದರೆ ಹೊಲ ಎಲ್ಲೂ ಹೋಗಿಲ್ಲ. ಅಳಿಸಲು, ಹಿಗ್ಗಿಸಲು, ಸ್ನ್ಯಾಪ್‌ಶಾಟ್ ತೆಗೆಯಲು ಹೊರಟಾಗ ಮಾತ್ರ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಸಿಂಡರ್-ಮ್ಯಾನೇಜ್ ಆಜ್ಞೆಯಲ್ಲಿ ಹಳೆಯ ಹೋಸ್ಟನ್ನು ಹೊಸ ಹೋಸ್ಟಿಗೆ ಬದಲಿಸುವ ಸೌಲಭ್ಯವೊಂದಿದೆ, ಅದೇ ಆಗ ಗತಿ. ಮೊದಲ ದಿನವೇ ಅರ್ಧ ಗಂಟೆ ಕೂತು ಹೆಸರು ಯೋಚಿಸುವುದು ಮೇಲು. ಹೋಸ್ಟಿನ ಹೆಸರೂ ವಿಳಾಸದ ಭಾಗವೇ. ವಾಲ್ಯೂಮ್ ಸರ್ವಿಸ್ ನಡೆಯುವ ಸರ್ವರ್ ಸತ್ತು ಬೇರೊಂದರಲ್ಲಿ ಎಬ್ಬಿಸಿದರೂ ಇದೇ ಪಾಡು. ಅದಕ್ಕಾಗಿಯೇ ‘ಬ್ಯಾಕೆಂಡ್ ಹೋಸ್ಟ್’ ಎಂಬ ಸಾಲಿನಲ್ಲಿ ಯಾವ ಮಷೀನಿಗೂ ಸೇರದ ಸ್ಥಿರ ಹೆಸರೊಂದನ್ನು ಕೊಡುವ ಅವಕಾಶ ಇಟ್ಟಿದ್ದಾರೆ.

ಇದರ ಪಕ್ಕದಲ್ಲೇ ‘ವಾಲ್ಯೂಮ್ ಬ್ಯಾಕೆಂಡ್ ನೇಮ್’ ಎಂಬ ಇನ್ನೊಂದು ಹೆಸರಿದೆ. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಇದು ಶೆಡ್ಯೂಲರಿಗೆ ಸಂಬಂಧಿಸಿದ್ದು. ಬಳಕೆದಾರರಿಗೆ ಕಾಣುವ ‘ಚಿನ್ನ’, ‘ಬೆಳ್ಳಿ’ ಎಂಬಂಥ ವಾಲ್ಯೂಮ್ ಟೈಪುಗಳನ್ನು ಈ ಹೆಸರಿಗೆ ಗಂಟು ಹಾಕಬಹುದು, ಎರಡು ಅರೇಗಳಿಗೆ ಒಂದೇ ಹೆಸರು ಕೊಟ್ಟರೆ ಹೆಚ್ಚು ಜಾಗವಿರುವ ಕಡೆಗೆ ಶೆಡ್ಯೂಲರ್ ಕಳಿಸುತ್ತದೆ.

ಪಾಸ್‌ವರ್ಡಿನ ವಿಷಯ ಹೇಳಲೇಬೇಕು. ಅರೇಯ ಪಾಸ್‌ವರ್ಡು ಈ ಫೈಲಿನಲ್ಲಿ ಬರಿಗಣ್ಣಿಗೆ ಕಾಣುವಂತೆ ಕೂತಿರುತ್ತದೆ. ಅರೇಯ ಟಿಎಲ್‌ಎಸ್ ಪ್ರಮಾಣಪತ್ರವನ್ನು ಪರೀಕ್ಷಿಸುವ ಸಾಮಾನ್ಯ ಆಯ್ಕೆಯ ಡಿಫಾಲ್ಟ್ ಬೆಲೆ ‘ಫಾಲ್ಸ್’. ನೆಟ್‌ವರ್ಕಿನ ಮೇಲೆ ಡಿಸ್ಕು ಕೊಡುವ ಐಸ್ಕಸಿಯಲ್ಲಿ ಜೋಡಿಸಲು ಬಂದವರ ಗುರುತು ಕೇಳುವ ಚಾಪ್ ವ್ಯವಸ್ಥೆಯೂ ಡಿಫಾಲ್ಟಾಗಿ ಆಫ್. ಮೊದಲ ದಿನ ಸುಲಭವಾಗಿ ಓಡಲಿ ಎಂಬ ಉದ್ದೇಶ ನನಗೆ ಅರ್ಥವಾಗುತ್ತದೆ, ಆದರೆ ಆ ಮೊದಲ ದಿನದ ಫೈಲೇ ಐದು ವರ್ಷ ಉಳಿಯುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ. 2020ರಲ್ಲಿ ಬೆಳಕಿಗೆ ಬಂದ ಸಿವಿಇ-2020-10755 ಎಂಬ ದೋಷದಲ್ಲಿ ಸ್ಕೇಲ್‌ಐಓ, ವಿಎಕ್ಸ್‌ಫ್ಲೆಕ್ಸ್ ಓಎಸ್ ಡ್ರೈವರು ವಾಲ್ಯೂಮ್ ಜೋಡಿಸುವಾಗ ಕೊಡುವ ಸಂಪರ್ಕ ಮಾಹಿತಿಯ ಜೊತೆಗೆ ಇಡೀ ಬ್ಯಾಕೆಂಡಿನ ಲಾಗಿನ್ ವಿವರವನ್ನೂ ಸೇರಿಸಿ ಕಳಿಸುತ್ತಿತ್ತು. ಒಂದು ಡಿಸ್ಕಿನ ಬೀಗದ ಕೈ ಕೇಳಿದವರಿಗೆ ಇಡೀ ಉಗ್ರಾಣದ ಬೀಗದ ಕೈ ಸಿಕ್ಕ ಹಾಗೆ. ಅದನ್ನು ಸರಿಪಡಿಸಿದರು. ಅಂದಿನಿಂದ ನಾನು ಡ್ರೈವರಿಗೆಂದು ಅರೇಯಲ್ಲಿ ಬೇರೆಯೇ ಖಾತೆ ತೆರೆದು, ಅದಕ್ಕೆ ಕ್ಲೌಡಿನ ಪೂಲಿಗಷ್ಟೇ ಅಧಿಕಾರ ಕೊಡದೆ ಮುಂದಿನ ಸಾಲಿಗೆ ಹೋಗುವುದಿಲ್ಲ.

ಜಾಗದ ಲೆಕ್ಕಕ್ಕೆ ಬಂದಾಗ ಪಹಣಿ ಮತ್ತು ಹೊಲದ ಅಂತರ ಬೇಕೆಂದೇ ಮಾಡಿಕೊಂಡದ್ದು. ಥಿನ್ ಪ್ರಾವಿಶನಿಂಗ್ ಎಂದರೆ ನೂರು ಜಿಬಿ ಕೇಳಿದವರಿಗೆ ನೂರು ಎಂದು ಬರೆದುಕೊಟ್ಟು, ಅವರು ನಿಜವಾಗಿ ಬರೆದಷ್ಟಕ್ಕೆ ಮಾತ್ರ ಡಿಸ್ಕು ಕೊಡುವುದು. ಎಲ್ಲರೂ ಒಟ್ಟಿಗೆ ತುಂಬಿಸುವುದಿಲ್ಲ ಎಂಬ ಭರವಸೆಯ ಮೇಲೆ ಇದು ನಡೆಯುತ್ತದೆ. ಎಷ್ಟು ಪಟ್ಟು ಮಾತು ಕೊಡಬಹುದು ಎಂಬುದನ್ನು ‘ಮ್ಯಾಕ್ಸ್ ಓವರ್ ಸಬ್‌ಸ್ಕ್ರಿಪ್ಶನ್ ರೇಶಿಯೋ’ ನಿರ್ಧರಿಸುತ್ತದೆ. ಅದರ ಡಿಫಾಲ್ಟ್ 20. ಅಂದರೆ 100 ಟಿಬಿ ಅರೇ ಇಟ್ಟುಕೊಂಡು 2,000 ಟಿಬಿ ವರೆಗೆ ಮಾತು ಕೊಡಲು ಸಿಂಡರ್ ಸಿದ್ಧವಿರುತ್ತದೆ. ತುರ್ತಿಗೆಂದು ಎಷ್ಟು ಪಾಲು ಮುಟ್ಟದೆ ಇಡಬೇಕು ಎಂಬ ‘ರಿಸರ್ವ್ಡ್ ಪರ್ಸೆಂಟೇಜ್’ ಸಾಲಿನ ಡಿಫಾಲ್ಟ್ ಸೊನ್ನೆ. ಈ ಎರಡು ಸಾಲುಗಳನ್ನು ಬರೆಯದೆ ಬಿಟ್ಟ ಕಾನ್ಫಿಗ್ ಫೈಲನ್ನು ನಾನು ಅಪೂರ್ಣ ಎಂದೇ ಪರಿಗಣಿಸುತ್ತೇನೆ. ಅರೇ ನಿಜವಾಗಿ ತುಂಬಿದ ದಿನ ಹೊಸ ವಾಲ್ಯೂಮ್ ಕೇಳಿದವರಿಗಷ್ಟೇ ತೊಂದರೆಯಾಗುವುದಾಗಿದ್ದರೆ ಸಹಿಸಬಹುದಿತ್ತು. ತೊಂದರೆಯಾಗುವುದು ಮೊದಲೇ ಡಿಸ್ಕು ಪಡೆದು ನೆಮ್ಮದಿಯಿಂದ ಬರೆಯುತ್ತಿದ್ದವರಿಗೆ. ಅವರ ಮಷೀನಿನಲ್ಲಿ ಡಿಸ್ಕು ಅರ್ಧ ಖಾಲಿ ಎಂದು ಕಾಣುತ್ತಿರುತ್ತದೆ, ಆದರೂ ಬರಹ ತಿರಸ್ಕೃತವಾಗುತ್ತದೆ, ಫೈಲ್‌ಸಿಸ್ಟಮ್ ಓದುವುದಕ್ಕೆ ಮಾತ್ರ ಎಂದು ಬೀಗ ಹಾಕಿಕೊಳ್ಳುತ್ತದೆ. ಅವರು ಯಾವ ತಪ್ಪೂ ಮಾಡಿರುವುದಿಲ್ಲ. ಸರಿಯಾದ ಸಂಖ್ಯೆ ಎಷ್ಟು ಎಂದು ಕೇಳಿದರೆ, ಅದು ಅಲ್ಲಿ ಏನು ಇಡುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ನಾನು ಎರಡರಿಂದ ಶುರು ಮಾಡಿ ಮೂರು ತಿಂಗಳು ನೋಡಿ ಏರಿಸುತ್ತೇನೆ. ‘ಆಟೋ’ ಎಂದು ಬರೆದು ಸಿಂಡರಿಗೇ ಬಿಡುವ ದಾರಿಯೂ ಇದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡ್ರೈವರ್ ಅರೇಯನ್ನು ಕೇಳಿ ಶೆಡ್ಯೂಲರಿಗೆ ಜಾಗದ ವರದಿ ಕೊಡುವುದು ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ. ಅರೇಯನ್ನು ಕ್ಲೌಡಿಗಷ್ಟೇ ಮೀಸಲಿಡದೆ ಹಳೆಯ ವಿಎಂವೇರ್ ಕ್ಲಸ್ಟರಿನ ಜೊತೆ ಹಂಚಿಕೊಂಡಿದ್ದರೆ ಆ ಒಂದು ನಿಮಿಷದಲ್ಲಿ ಇನ್ನೊಬ್ಬರು ಜಾಗ ನುಂಗಿರುವುದು ಸಿಂಡರಿಗೆ ತಿಳಿದಿರುವುದಿಲ್ಲ. ಖರ್ಚು ಉಳಿಸಲು ಅರೇ ಹಂಚಿಕೊಳ್ಳುವುದು ತಪ್ಪಲ್ಲ, ಪೂಲನ್ನಾದರೂ ಬೇರೆ ಮಾಡಲೇಬೇಕು.

ಇನ್ನು ದಾರಿ. ಅರೇಯಲ್ಲಿ ಹುಟ್ಟಿದ ವಾಲ್ಯೂಮು ವರ್ಚುವಲ್ ಮಷೀನಿರುವ ಸರ್ವರಿಗೆ ತಲುಪಬೇಕು. ಈಥರ್ನೆಟ್ ಮೇಲೆ ಐಸ್ಕಸಿ, ಅದಕ್ಕೆ 3260ನೇ ಪೋರ್ಟು. ಇಲ್ಲವೇ ಫೈಬರ್ ಚಾನೆಲ್, ಇತ್ತೀಚೆಗೆ ಎನ್‌ವಿಎಂಇ ಓವರ್ ಟಿಸಿಪಿ. ಐಸ್ಕಸಿಯಲ್ಲಿ ಎಲ್ಲಕ್ಕೂ ಒಂದು ಉದ್ದ ಹೆಸರು, ಐಕ್ಯೂಎನ್. ಅದರಲ್ಲಿ ಹೆಸರು ಕೊಟ್ಟ ಸಂಸ್ಥೆಯ ಡೊಮೇನೂ, ಆ ಡೊಮೇನ್ ಅವರದಾಗಿದ್ದ ಒಂದು ತಿಂಗಳೂ ಇರಬೇಕೆಂಬ ನಿಯಮವಿದೆ. ಸಿಂಡರ್ ತಾನೇ ಸೃಷ್ಟಿಸುವ ಟಾರ್ಗೆಟ್ಟುಗಳ, ಅಂದರೆ ಸರ್ವರು ಬಂದು ಸೇರುವ ಬಾಗಿಲುಗಳ, ಡಿಫಾಲ್ಟ್ ಹೆಸರಿನಲ್ಲಿ ಇವತ್ತಿಗೂ 2010-10 ಎಂದೇ ಇದೆ. ಓಪನ್‌ಸ್ಟ್ಯಾಕಿನ ಮೊದಲ ಬಿಡುಗಡೆಯಾದ ಆಸ್ಟಿನ್ ಹೊರಬಂದದ್ದು ಅದೇ ತಿಂಗಳು. ಫೈಬರ್ ಚಾನೆಲ್‌ನಲ್ಲಿ ಯಾವ ಸರ್ವರು ಯಾವ ಅರೇ ಪೋರ್ಟನ್ನು ನೋಡಬಹುದು ಎಂಬ ಝೋನಿಂಗನ್ನು ಸ್ವಿಚ್ಚಿನಲ್ಲಿ ಮಾಡಬೇಕು. 2014ರ ಐಸ್‌ಹೌಸ್ ಕಾಲದಿಂದ ಸಿಂಡರಿಗೇ ಝೋನ್ ಮ್ಯಾನೇಜರ್ ಬಂದಿದೆ. ಆದರೂ ಅನೇಕ ಕಡೆ ಸ್ಟೋರೇಜ್ ನೆಟ್‌ವರ್ಕ್ (ಸ್ಯಾನ್) ತಂಡದವರು ಸ್ವಿಚ್ಚಿನ ಕೀಲಿಯನ್ನು ಸಾಫ್ಟ್‌ವೇರಿಗೆ ಕೊಡಲು ಒಪ್ಪುವುದಿಲ್ಲ. ನಾನು ಅವರ ಪಕ್ಷ. ಸರ್ವರುಗಳು ದಿನಾ ಬದಲಾಗುವುದಿಲ್ಲ, ಒಮ್ಮೆ ಕೈಯಾರೆ ಝೋನ್ ಮಾಡಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ.

ದಾರಿ ಒಂದೇ ಇದ್ದರೆ ಸಾಲದು ಎಂದು ಎರಡು ಕಂಟ್ರೋಲರು, ಎರಡು ಸ್ವಿಚ್ಚು, ನಾಲ್ಕು ಕೇಬಲ್ಲಿಗೆ ಹಣ ಸುರಿಯುತ್ತಾರೆ. ನಾಲ್ಕೂ ದಾರಿಯಲ್ಲಿ ಬರುವುದು ಒಂದೇ ಡಿಸ್ಕು ಎಂದು ಸರ್ವರಿಗೆ ಹೇಳುವುದು ಮಲ್ಟಿಪಾತ್. ಇಷ್ಟೆಲ್ಲ ಮಾಡಿ, ನೋವಾದ ಲಿಬ್‌ವರ್ಟ್ ವಿಭಾಗದಲ್ಲಿ ‘ವಾಲ್ಯೂಮ್ ಯೂಸ್ ಮಲ್ಟಿಪಾತ್’ ಎಂಬ ಒಂದು ಸಾಲು ಮರೆತರೆ ವರ್ಚುವಲ್ ಮಷೀನು ಒಂದೇ ದಾರಿಯಲ್ಲಿ ನಡೆಯುತ್ತದೆ. ಅದರ ಡಿಫಾಲ್ಟೂ ‘ಫಾಲ್ಸ್’. ಸಾಲು ಇರುವುದು ಸಿಂಡರಿನ ಫೈಲಿನಲ್ಲಲ್ಲ, ಪ್ರತಿ ಕಂಪ್ಯೂಟ್ ಸರ್ವರಿನ ನೋವಾ ಫೈಲಿನಲ್ಲಿ. ಹಾಗಾಗಿ ಸ್ಟೋರೇಜ್ ಕಾನ್ಫಿಗರ್ ಮಾಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಎಲ್ಲ ಸರಿಯಿದ್ದಾಗ ವ್ಯತ್ಯಾಸವೂ ಕಾಣುವುದಿಲ್ಲ. ಅರೇಯ ಒಂದು ಕಂಟ್ರೋಲರನ್ನು ಫರ್ಮ್‌ವೇರ್ ಬದಲಿಸಲು ರೀಬೂಟ್ ಮಾಡಿದ ರಾತ್ರಿ ಅರ್ಧ ಮಷೀನುಗಳು ನಿಂತಾಗ ಕಾಣುತ್ತದೆ. ಹೊಸ ಜಾಗದಲ್ಲಿ ನಾನು ಒಂದು ಪರೀಕ್ಷಾ ಮಷೀನಿನಲ್ಲಿ ನಿರಂತರ ಬರೆಯುತ್ತಾ ಕೇಬಲ್ ಒಂದೊಂದನ್ನೇ ಕೈಯಾರೆ ಎಳೆದು ನೋಡುತ್ತೇನೆ. ಇದಕ್ಕಿಂತ ನಂಬಬಹುದಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಈ ಇಡೀ ಕ್ಷೇತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಕರಣ ದಾರಿಗೆ ಸೇರಿದ್ದೇ. ಕೆಲವು ಬ್ಯಾಕೆಂಡುಗಳು ಪ್ರತಿ ವಾಲ್ಯೂಮಿಗೂ ಬೇರೆ ಟಾರ್ಗೆಟ್ ಕೊಡುತ್ತವೆ. ದೊಡ್ಡ ಅರೇಗಳಲ್ಲಿ ಹೆಚ್ಚಿನವು ಒಂದೇ ಟಾರ್ಗೆಟ್ಟಿನ ಅಡಿಯಲ್ಲಿ ಲನ್ ಸಂಖ್ಯೆ ಬದಲಿಸಿ ಹಲವು ವಾಲ್ಯೂಮ್ ತೋರಿಸುತ್ತವೆ. ಬಿಟ್ಟ ಸಂಖ್ಯೆಯನ್ನು ಮತ್ತೆ ಬಳಸುತ್ತವೆ, ಪಿಜಿಯಲ್ಲಿ ಖಾಲಿಯಾದ ರೂಮನ್ನು ಇನ್ನೊಬ್ಬರಿಗೆ ಕೊಟ್ಟ ಹಾಗೆ. ಸರ್ವರಿನ ಕರ್ನಲ್ಲು ಹಳೆಯ ಡಿವೈಸನ್ನು ಅಷ್ಟರಲ್ಲಿ ತೆಗೆದುಹಾಕಿರದಿದ್ದರೆ, ಹಳೆಯ ಬಾಗಿಲಿನ ಹಿಂದೆ ಹೊಸಬರು ಬಂದು ಕೂತಿರುತ್ತಾರೆ. ಕ್ರಮವಾಗಿ ನಡೆದರೆ ಹೀಗಾಗದು. ನೋವಾ ಮೊದಲು ಸರ್ವರಿನಿಂದ ಡಿವೈಸ್ ತೆಗೆದು, ಆಮೇಲೆ ಸಿಂಡರಿಗೆ ಹೇಳಿ, ಸಿಂಡರ್ ಅರೇಗೆ ಹೇಳಿ ಲನ್ ಹಿಂತೆಗೆಸುತ್ತದೆ. 2023ರ ಮೇ ತಿಂಗಳಲ್ಲಿ ಪ್ರಕಟವಾದ ಸಿವಿಇ-2023-2088 ತೋರಿಸಿದ್ದೇನೆಂದರೆ, ಸಾಮಾನ್ಯ ಬಳಕೆದಾರರೊಬ್ಬರು ನೋವಾವನ್ನು ಬಿಟ್ಟು ನೇರವಾಗಿ ಸಿಂಡರಿಗೇ ‘ನನ್ನ ಅಟ್ಯಾಚ್‌ಮೆಂಟ್ ಅಳಿಸು’ ಎಂದು ಹೇಳಬಹುದಿತ್ತು. ಸಿಂಡರ್ ಅರೇಯಿಂದ ಲನ್ ತೆಗೆಸುತ್ತಿತ್ತು. ಸರ್ವರಿನಲ್ಲಿ ಡಿವೈಸ್ ಹಾಗೇ ಉಳಿಯುತ್ತಿತ್ತು, ಮಷೀನೂ ಅದನ್ನೇ ಹಿಡಿದಿರುತ್ತಿತ್ತು. ಅದೇ ಸರ್ವರಿಗೆ ಅದೇ ಸಂಖ್ಯೆಯಲ್ಲಿ ಬೇರೊಬ್ಬರ ವಾಲ್ಯೂಮ್ ಬಂದರೆ ಅದು ಈ ಬಳಕೆದಾರರ ಕೈಗೆ ಸಿಗುತ್ತಿತ್ತು. ಎರಡು ಪುಸ್ತಕ ಹೊಂದದಿದ್ದರೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಉಳುವ ಸ್ಥಿತಿ ಎಂದು ನಾನು ಹೇಳುತ್ತಿರುವುದು ಉತ್ಪ್ರೇಕ್ಷೆಯಲ್ಲ.

ಪರಿಹಾರವೂ ಕಾನ್ಫಿಗ್ ಸಾಲುಗಳ ರೂಪದಲ್ಲೇ ಬಂತು. ಬಳಕೆಯಲ್ಲಿರುವ ವಾಲ್ಯೂಮನ್ನು ಬಿಡಿಸುವ ಬೇಡಿಕೆ ನೋವಾದಿಂದಲೇ ಬಂದಿದೆ ಎನ್ನಲು ಸರ್ವಿಸ್ ಟೋಕನ್ ಸಾಕ್ಷಿಯಾಗಿ ಇರಬೇಕು ಎಂದು ಸಿಂಡರ್ ಪಟ್ಟು ಹಿಡಿಯತೊಡಗಿತು. ಅದಕ್ಕೆ ನೋವಾದಲ್ಲಿ ಸರ್ವಿಸ್ ಯೂಸರ್ ವಿಭಾಗ ತುಂಬಿಸಿ, ಟೋಕನ್ ಕಳಿಸುವ ಆಯ್ಕೆ ತೆರೆಯಬೇಕು, ಸಿಂಡರಿನಲ್ಲಿ ಆ ಟೋಕನ್ನಿನ ಪಾತ್ರವನ್ನು ಕಡ್ಡಾಯ ಮಾಡಬೇಕು. ಅಪ್‌ಗ್ರೇಡ್ ಮಾಡಿ ಈ ಸಾಲು ಬಿಟ್ಟವರಿಗೆ ಡಿಟ್ಯಾಚ್ ಕೆಲಸವೇ ನಿಂತಿತು. ಸಿಟ್ಟು ಮಾಡಿಕೊಂಡು ಹಳೆಯ ಆವೃತ್ತಿಗೆ ಹಿಂತಿರುಗಿದ ಗೆಳೆಯರೊಬ್ಬರಿಗೆ ಫೋನಿನಲ್ಲಿ ಒಂದು ಗಂಟೆ ಈ ಲನ್ ಸಂಖ್ಯೆಯ ಕಥೆ ಹೇಳಿದ್ದೇನೆ.

ಸರ್ವರಿನ ಕಡೆಯ ಕೆಲಸವನ್ನು ಈಗ ಓಎಸ್-ಬ್ರಿಕ್ ಎಂಬ ಲೈಬ್ರರಿ ಮಾಡುತ್ತದೆ. ಒಮ್ಮೆ ತೆಗೆದ ಡಿವೈಸನ್ನು ಲಿನಕ್ಸು ತಾನಾಗಿ ಸ್ಕ್ಯಾನ್ ಮಾಡಿ ಮತ್ತೆ ತಂದಿಡುವ ಕಾಟ ಹಿಂದೆ ಇತ್ತು. ಓಪನ್-ಐಸ್ಕಸಿಯಲ್ಲಿ ಸ್ಕ್ಯಾನನ್ನು ಕೈಯಾರೆ ಮಾಡುವ ಆಯ್ಕೆ ಬಂದ ಮೇಲೆ ಬ್ರಿಕ್ ತನಗೆ ಬೇಕಾದ ಒಂದು ಲನ್ ಮಾತ್ರ ಹುಡುಕುತ್ತದೆ. ಹಳೆಯ ಡಿಸ್ಟ್ರಿಬ್ಯೂಶನ್ ಹಿಡಿದುಕೊಂಡಿರುವ ಕಡೆ ಇದನ್ನು ಮೊದಲು ನೋಡಬೇಕು.

‘ರೀಸೆಟ್-ಸ್ಟೇಟ್’ ಎಂಬ ಆಜ್ಞೆಯ ಬಗ್ಗೆ ಒಂದು ಮಾತು. ವಾಲ್ಯೂಮ್ ‘ಡಿಟ್ಯಾಚಿಂಗ್’ ಎಂದೋ ‘ಡಿಲೀಟಿಂಗ್’ ಎಂದೋ ಸಿಕ್ಕಿಕೊಂಡಾಗ ಎಲ್ಲರ ಕೈ ಮೊದಲು ಹೋಗುವುದು ಇದರ ಮೇಲೆ. ಇದು ಡೇಟಾಬೇಸಿನ ಒಂದು ಪದ ಬದಲಿಸುತ್ತದೆ, ಅಷ್ಟೇ. ಅರೇಯನ್ನು ಕೇಳುವುದಿಲ್ಲ, ಸರ್ವರನ್ನು ಕೇಳುವುದಿಲ್ಲ. ಕೈಪಿಡಿಯಲ್ಲಿ ಎಚ್ಚರಿಕೆ ಬರೆದಿದ್ದಾರೆ. ‘ಅವೈಲಬಲ್’ ಎಂದು ಪಹಣಿ ತಿದ್ದಿದ ಮೇಲೆ ಆ ವಾಲ್ಯೂಮನ್ನು ಬೇರೊಂದು ಮಷೀನಿಗೆ ಜೋಡಿಸಲು ಅಡ್ಡಿಯಿಲ್ಲ, ಹಳೆಯ ಮಷೀನು ಇನ್ನೂ ಅದರ ಮೇಲೆ ಬರೆಯುತ್ತಿದ್ದರೂ ಕೂಡ. ಒಂದೇ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಮೇಲೆ ಎರಡು ಮಷೀನು ಬರೆದರೆ ಉಳಿಯುವುದು ಚಿಂದಿ. ಅರೇಯಲ್ಲಿ ಎಕ್ಸ್‌ಪೋರ್ಟ್ ಇದೆಯೇ, ಸರ್ವರಿನಲ್ಲಿ ಡಿವೈಸ್ ಇದೆಯೇ ಎಂದು ಎರಡೂ ಕಡೆ ನೋಡದೆ ಈ ಆಜ್ಞೆ ಒತ್ತಬಾರದು ಎಂದು ನಮ್ಮ ತಂಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ.

ಡ್ರೈವರನ್ನು ಬರೆಯುವವರು ಯಾರು ಎಂಬುದೂ ಈ ಸಮೀಕ್ಷೆಗೆ ಸೇರಿದ್ದು. ಬಹುಪಾಲು ಅರೇ ಮಾರುವ ಕಂಪನಿಗಳೇ. ನೆಟ್‌ಆ್ಯಪ್, ಡೆಲ್, ಎಚ್‌ಪಿಇ, ಐಬಿಎಂ ಇವುಗಳಿಗೆಲ್ಲ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ, ಸ್ಟೋರೇಜ್ ಮಾತು ಕನ್ನಡದಲ್ಲೇ ಆಡುವ ಕ್ಯಾಂಟೀನ್ ಟೇಬಲ್ಲುಗಳೂ ಇವೆ. ಕೋಡು ಸಿಂಡರ್ ಮರದೊಳಗೇ ಇರುತ್ತದೆ, ಆದರೆ ಅದನ್ನು ಪರೀಕ್ಷಿಸಲು ಬೇಕಾದ ಕೋಟಿಗಟ್ಟಲೆ ಬೆಲೆಯ ಅರೇ ಸಮುದಾಯದ ಬಳಿ ಇರುವುದಿಲ್ಲ. ಹಾಗಾಗಿ 2015ರ ಕೀಲೋ ಬಿಡುಗಡೆಯ ಹೊತ್ತಿಗೆ ಸಿಂಡರ್ ತಂಡ ಕಟ್ಟುನಿಟ್ಟು ಮಾಡಿತು. ಪ್ರತಿ ಕಂಪನಿಯೂ ತನ್ನ ಲ್ಯಾಬಿನಲ್ಲಿ ನಿಜವಾದ ಅರೇ ಇಟ್ಟು, ಸಿಂಡರಿಗೆ ಬರುವ ಪ್ರತಿ ಬದಲಾವಣೆಯನ್ನೂ ಅದರ ಮೇಲೆ ಓಡಿಸಿ ಫಲಿತಾಂಶ ಹೇಳಬೇಕು, ಇಲ್ಲದಿದ್ದರೆ ಡ್ರೈವರ್ ಹೊರಗೆ. ಕೆಲವು ಹೊರಗೆ ಹೋದವು ಕೂಡ. ಆಮೇಲೆ ಸ್ವಲ್ಪ ಮೆತ್ತಗಾಗಿ, ಪರೀಕ್ಷೆ ನಿಲ್ಲಿಸಿದವರ ಡ್ರೈವರಿಗೆ ‘ಅನ್‌ಸಪೋರ್ಟೆಡ್’ ಎಂಬ ಮುದ್ರೆ ಒತ್ತಿದರು. ‘ಎನೇಬಲ್ ಅನ್‌ಸಪೋರ್ಟೆಡ್ ಡ್ರೈವರ್’ ಎಂದು ನಾವೇ ಬರೆದುಕೊಟ್ಟರೆ ಮಾತ್ರ ಅಂಥದ್ದು ಓಡುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸಿಂಡರಿನ ಅತ್ಯಂತ ಪ್ರಾಮಾಣಿಕ ಸಾಲು. ಅರೇ ಕೊಳ್ಳುವ ಮುನ್ನ ಸೇಲ್ಸ್‌ನವರನ್ನು ಕೇಳಬೇಕಾದ್ದು ಎಷ್ಟು ಐಓಪಿಎಸ್ ಎಂಬುದಕ್ಕಿಂತ, ನಿಮ್ಮ ಲ್ಯಾಬಿನ ಈ ಪರೀಕ್ಷೆ, ಅಂದರೆ ಸಿಐ, ಇವತ್ತು ಓಡುತ್ತಿದೆಯೇ ಎಂಬುದನ್ನು.

ಕಂಪನಿಗಳ ಏಳುಬೀಳೂ ನಮ್ಮ ಫೈಲಿಗೆ ಇಳಿದು ಬರುತ್ತದೆ. ತ್ರೀಪಾರನ್ನು ಎಚ್‌ಪಿ 2010ರ ಸೆಪ್ಟೆಂಬರಿನಲ್ಲಿ ಡೆಲ್ ಜೊತೆ ಹರಾಜಿನಂತೆ ಪೈಪೋಟಿ ನಡೆಸಿ ಸುಮಾರು 235 ಕೋಟಿ ಡಾಲರಿಗೆ ಕೊಂಡಿತು. 2015ರ ನವೆಂಬರಿನಲ್ಲಿ ಎಚ್‌ಪಿ ಎರಡಾಯಿತು, ಅರೇ ಎಚ್‌ಪಿಇ ಪಾಲಿಗೆ ಬಂತು. 2016ರ ಮಿಟಾಕಾ ಬಿಡುಗಡೆಯಲ್ಲಿ ಡ್ರೈವರಿನ ದಾರಿಯೂ ಅದರ ಆಯ್ಕೆಗಳ ಹೆಸರೂ ‘ಎಚ್‌ಪಿ’ ಇಂದ ‘ಎಚ್‌ಪಿಇ’ಗೆ ಬದಲಾದವು. ಹಳೆಯ ಹೆಸರು ಒಂದು ಬಿಡುಗಡೆಯ ಮಟ್ಟಿಗೆ ನಡೆಯುತ್ತದೆ, ಆಮೇಲೆ ಬದಲಿಸಿಕೊಳ್ಳಿ ಎಂದು ಟಿಪ್ಪಣಿಯಿತ್ತು. ಎಲ್ಲೋ ಷೇರುದಾರರು ಮಾಡಿದ ತೀರ್ಮಾನಕ್ಕೆ ಇಲ್ಲಿ ಒಂದು ‘ಇ’ ಅಕ್ಷರ ಸೇರಿಸದಿದ್ದರೆ ಸರ್ವಿಸ್ ಏಳುತ್ತಿರಲಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಅರೇಯನ್ನೇ ಬಿಟ್ಟುಬಿಡಿ ಎನ್ನುವ ಪಂಥವೊಂದಿದೆ, ಅದು ಪ್ರಬಲವಾಗಿಯೂ ಇದೆ. ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ವಿಶ್ವವಿದ್ಯಾಲಯದಲ್ಲಿ ಸೇಜ್ ವೈಲ್ ಅವರ ಸಂಶೋಧನೆಯಿಂದ ಹುಟ್ಟಿದ ಸೆಫ್, ಸಾಮಾನ್ಯ ಸರ್ವರುಗಳ ಡಿಸ್ಕುಗಳನ್ನೇ ಒಂದು ದೊಡ್ಡ ಪೂಲು ಮಾಡುತ್ತದೆ. ಸ್ವಿಟ್ಜರ್‌ಲೆಂಡಿನ ಸರ್ನ್ ಸಂಶೋಧನಾ ಕೇಂದ್ರ 2013ರಿಂದ ಓಪನ್‌ಸ್ಟ್ಯಾಕ್ ನಡೆಸುತ್ತಿರುವುದೂ ಸೆಫ್ ಜೊತೆಗೇ. ಅಲ್ಲಿ ಟಾರ್ಗೆಟ್ಟಿಲ್ಲ, ಲನ್ ಸಂಖ್ಯೆಯಿಲ್ಲ, ಹೈಪರ್‌ವೈಸರ್ ನೇರವಾಗಿ ಸೆಫ್ ಜೊತೆ ಮಾತಾಡುತ್ತದೆ. ಮೇಲೆ ಹೇಳಿದ ಲನ್ ಮರುಬಳಕೆಯ ಗಂಡಾಂತರಕ್ಕೆ ಜಾಗವೇ ಇಲ್ಲ. ಕಾನ್ಫಿಗ್ ಸಾಲುಗಳೂ ಕಡಿಮೆ, ಪೂಲು, ಬಳಕೆದಾರ, ಪ್ರತಿ ಸರ್ವರಿನ ಲಿಬ್‌ವರ್ಟಿನಲ್ಲೂ ಒಂದೇ ಆಗಿರಬೇಕಾದ ಗುಪ್ತಕೀಲಿಯ ಯುಯುಐಡಿ. ಆದರೆ ಅರೇಯೊಳಗೆ ಕಂಪನಿಯವರು ಹೊರುತ್ತಿದ್ದ ಭಾರವನ್ನು ಈಗ ನಮ್ಮವರೇ ಹೊರಬೇಕು. ಸೆಫ್ ಬಲ್ಲ ಇಬ್ಬರನ್ನಾದರೂ ಇಟ್ಟುಕೊಳ್ಳಲಾಗದ ಸಂಸ್ಥೆಗೆ ನಾನು ಅರೇಯನ್ನೇ ಹೇಳುತ್ತೇನೆ. ಕುಬರ್ನೆಟೀಸ್ ಜಗತ್ತಿನಲ್ಲಿ ಇದೇ ಕೆಲಸಕ್ಕೆ ಸಿಎಸ್‌ಐ ಎಂಬ ಒಪ್ಪಂದ 2018ರ ಕೊನೆಯಲ್ಲಿ ಗಟ್ಟಿಯಾಯಿತು. ಸಿಂಡರಿನ ಡ್ರೈವರುಗಳನ್ನು ಸಿಂಡರ್ ಸರ್ವಿಸ್ ಇಲ್ಲದೆ ಬಳಸುವ ಸಿಂಡರ್‌ಲಿಬ್ ಕೂಡ ಬಂದಿದೆ. ಹೆಸರು ಬದಲಾದರೂ ಅಲ್ಲೂ ಒಂದು ಪುಸ್ತಕ ಇದೆ, ಒಂದು ಹೊಲ ಇದೆ.

ಬೇರೊಂದು ಊರಿನ ಅರೇಗೆ ಪ್ರತಿ ಕಳಿಸುವ ರೆಪ್ಲಿಕೇಶನ್, ವಾಲ್ಯೂಮ್ ಸರ್ವಿಸನ್ನು ಏಕಕಾಲಕ್ಕೆ ಹಲವು ಕಡೆ ಓಡಿಸುವ ಆ್ಯಕ್ಟಿವ್-ಆ್ಯಕ್ಟಿವ್ ಇವು ಎಲ್ಲ ಡ್ರೈವರಿಗೂ ಬರುವುದಿಲ್ಲ, ಬರುವ ಕಡೆಯೂ ಒಂದೊಂದರ ರೀತಿ ಒಂದೊಂದು. ಒಂದನ್ನು ಮಾತ್ರ ಹೇಳುತ್ತೇನೆ. ಚೀಸ್‌ಕೇಕ್ ಎಂಬ ಅಡ್ಡಹೆಸರಿನ ರೆಪ್ಲಿಕೇಶನ್‌ನಲ್ಲಿ ಫೇಲ್‌ಓವರ್ ಆಗುವುದು ಇಡೀ ಬ್ಯಾಕೆಂಡು. ಪ್ರತಿ ಇರದಿದ್ದ ವಾಲ್ಯೂಮುಗಳು ಆ ಕಡೆ ಸಿಗುವುದಿಲ್ಲ.

ಈಗ ನಾನು ಹೊಸ ಜಾಗಕ್ಕೆ ಹೋದರೆ ಕಾನ್ಫಿಗ್ ಫೈಲನ್ನು ಮೊದಲು ತೆರೆಯುವುದಿಲ್ಲ. ಸಿಂಡರಿನಿಂದ ವಾಲ್ಯೂಮುಗಳ ಪಟ್ಟಿ ತೆಗೆಯುತ್ತೇನೆ, ಅರೇಯಿಂದ ಅದರ ಪಟ್ಟಿ ತೆಗೆಯುತ್ತೇನೆ. ತ್ರೀಪಾರ್ ಆಗಿದ್ದರೆ ‘ಓಎಸ್‌ವಿ’ಯನ್ನೂ ಅದರ ಮುಂದಿನ ಅಡ್ಡಗೆರೆಯನ್ನೂ ಕಳಚಿ, ಉಳಿದದ್ದರಲ್ಲಿ ಚುಕ್ಕಿಯನ್ನು ಕೂಡು ಚಿಹ್ನೆಗೆ, ಅಡ್ಡಗೆರೆಯನ್ನು ಓರೆಗೆರೆಗೆ ತಿರುಗಿಸಿ, ಕತ್ತರಿಸಿದ್ದ ಎರಡು ಸಮಚಿಹ್ನೆ ಮತ್ತೆ ಅಂಟಿಸಿ, ಬೇಸ್-64 ಬಿಡಿಸಿದರೆ 16 ಬೈಟು ಬರುತ್ತವೆ. ಅದನ್ನು ಯುಯುಐಡಿಯಾಗಿ ಬರೆದು ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಡುತ್ತೇನೆ. ಇಪ್ಪತ್ತು ಸಾಲಿನ ಪೈಥಾನ್ ಸಾಕು. ಎರಡೂ ಕಡೆ ಇರುವವು ಒಂದು ಗುಂಪು, ಸಿಂಡರಿನಲ್ಲಿ ಮಾತ್ರ ಇರುವವು ಒಂದು, ಅರೇಯಲ್ಲಿ ಮಾತ್ರ ಇರುವವು ಇನ್ನೊಂದು. ಮೂರನೆಯ ಗುಂಪನ್ನು ಯಾರೂ ಮುಟ್ಟದಂತೆ ಅರೇ ನೋಡಿಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಹೆಸರು ಓದಿ, ಇದು ಯಾರದು ಎಂದು ಕೇಳುತ್ತಾ ಹೋಗುತ್ತೇವೆ. ಮೊದಲ ದಿನ ಸಂಜೆಯ ಹೊತ್ತಿಗೆ ಸಾಮಾನ್ಯವಾಗಿ ನಲವತ್ತು ಮುಗಿದಿರುತ್ತವೆ.